ನೊಣ ಬೇಕಾದಾಗ

ರಾರಾವಿಯಲ್ಲಿ ನೊಣಕ್ಕೆ ಬರ ಬಂದದ್ದನ್ನು ಯಾರೂ ಕಂಡಿಲ್ಲ. ವೇದಾವತಿ ಬತ್ತಬಹುದು, ಕಾಲುವೆಗೆ ನೀರು ಬಿಡುವುದು ತಡವಾಗಬಹುದು. ನೊಣ ಮಾತ್ರ ಹಾಜರಿ ತಪ್ಪಿಸದು. ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆ ನಮ್ಮ ಮುಂದೆ ಬರುವ ಮೊದಲೇ ರುಚಿ ನೋಡಿ ಒಪ್ಪಿಗೆ ಕೊಡುವವು ಅವೇ. ಇಂಥ ಊರಿನಲ್ಲಿ ನೊಣ ಬೇಕೆಂದು ತಪಸ್ಸಿಗೆ ಕೂತವನು ನಾನೊಬ್ಬನೇ.

ಕಾರಣ ನನ್ನ ಮಗ. ಗದ್ದೆಯ ಬದುವಿನಿಂದ ಒಂದು ಸೂರ್ಯನ ಕುದುರೆಯನ್ನು ಹಿಡಿದು ತಂದು ಗಾಜಿನ ಭರಣಿಯಲ್ಲಿ ಪ್ರತಿಷ್ಠಾಪನೆ ಮಾಡಿದ. ಮುಂಗಾಲು ಜೋಡಿಸಿ ನಿಂತ ಅದರ ಭಂಗಿ ನೋಡಿ ನಮ್ಮಮ್ಮ, 'ಪಾಪ, ಧ್ಯಾನದಾಗ ಐತಿ, ಒಂದೀಟು ಸೊಪ್ಪು ಹಾಕ್ರೋ' ಅಂದಳು. ಧ್ಯಾನಸ್ಥರು ಸೊಪ್ಪು ಮುಟ್ಟಲಿಲ್ಲ. ಅವರಿಗೆ ಬೇಕಾದದ್ದು ಜೀವಂತ, ಕದಲುವ ಮಾಂಸ. ಸತ್ತ ನೊಣ ಕೊಟ್ಟರೆ ತಂಗಳು ಕಂಡ ಬೀಗರ ಹಾಗೆ ಮುಖ ತಿರುಗಿಸಿದರು. ಗದರಿಸೋಣವೆಂದರೆ ಇರುವುದು ಒಂದೇ ಕಿವಿ. ಅದೂ ಎದೆಯ ಅಡಿಯಲ್ಲಿ, ಬಾವಲಿಯ ದನಿಗೆ ಮೀಸಲು.

ಬೇಡವೆಂದಾಗ ಮೂಗಿನ ಮೇಲೆ ಕೂರುತ್ತಿದ್ದ ನೊಣಗಳು ನನ್ನ ಕೈಗೆ ಭರಣಿ ಬಂದದ್ದೇ ತಡ, ಹುಷಾರಾದವು. ಹಿಡಿಯುವುದಕ್ಕಿಂತ ಹುಟ್ಟಿಸುವುದೇ ಸುಲಭ ಎಂದು ತಿಪ್ಪೆಯ ಕಡೆ ನಡೆದೆ. ನೊಣದ ಹುಳ ಹಸಿ ಸಗಣಿಯಲ್ಲಿ ತಿಂದು ಕೊಬ್ಬುತ್ತದೆ. ಪ್ಯೂಪಾ ಆಗುವ ಹೊತ್ತಿಗೆ ಒಣ ಜಾಗ ಹುಡುಕಿಕೊಂಡು ಅಂಚಿಗೆ ಬರುತ್ತದೆ. ಹಾಗಾಗಿ ನಡುತಿಪ್ಪೆಗೆ ಕೈ ಹಾಕಬೇಕಿಲ್ಲ, ಅಂಚಿನ ಮಣ್ಣು ಕೆದಕಿದರೆ ಸಾಕು. ಕೆದಕುತ್ತಿದ್ದವನನ್ನು ಕಂಡು ನೆರೆಯವನು, 'ಉಂಗುರ ಕಳಕೊಂಡೀರೇನ್ರೀ?' ಅಂದ. 'ಇಲ್ಲ, ನೊಣ ಹುಡುಕಾಕ ಹತ್ತೀನಿ.' ಕೆಲಸವಿಲ್ಲದವರು ನೊಣ ಹೊಡೆಯುವುದನ್ನು ಅವನು ಕಂಡಿದ್ದ. ಸಾಕುವವರನ್ನು ಕಂಡದ್ದು ಅದೇ ಮೊದಲು.

ಹುಳ ತನ್ನ ಕೊನೆಯ ಚರ್ಮವನ್ನು ಕಳಚಿ ಬಿಸಾಡದೆ ಅದನ್ನೇ ಗಟ್ಟಿ ಗೂಡು ಮಾಡಿಕೊಂಡು ಒಳಗೆ ಕೂರುತ್ತದೆ, ಇದೇ ಪ್ಯೂಪಾ. ಹೊಸ ಗೂಡು ಬಿಳಿಚು ಹಳದಿ, ಆಮೇಲೆ ಇಟ್ಟಿಗೆ ಕೆಂಪು, ನೊಣ ಹೊರಬೀಳುವ ಹೊತ್ತಿಗೆ ಹೆಚ್ಚುಕಡಿಮೆ ಕಪ್ಪು. ತುದಿಯ ಮುಚ್ಚಳ ಹಾರಿದ್ದರೆ ನೊಣ ಆಗಲೇ ಪರಾರಿ. ಮೈಯಲ್ಲಿ ಸಣ್ಣ ದುಂಡು ತೂತಿದ್ದರೆ ಹೊರಬಂದದ್ದು ನೊಣವೇ ಅಲ್ಲ, ಅದನ್ನು ತಿಂದು ಬೆಳೆದ ಪುಟ್ಟ ಕಣಜ.

ಈ ಕಣಜಗಳ ಸಮಾಚಾರ ತಿಳಿದ ಮೇಲೆ ನನಗೆ ಧೈರ್ಯ ಬಂತು. 1980ರಲ್ಲಿ ಊಜಿ ನೊಣ ಬಂಗಾಳದ ರೇಷ್ಮೆಗೂಡಿನ ಜೊತೆ ಕರ್ನಾಟಕಕ್ಕೆ ಬಂದಿಳಿದು ನಮ್ಮ ರೇಷ್ಮೆಹುಳುಗಳ ಮೈಮೇಲೆ ಮೊಟ್ಟೆಯಿಡತೊಡಗಿತು. ಅದರ ಪ್ಯೂಪಾಕ್ಕೆ ಶಾಸ್ತಿ ಮಾಡುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಪ್ರಯೋಗಾಲಯಗಳಲ್ಲಿ ಮನೆನೊಣದ ಪ್ಯೂಪಾ ಕೊಟ್ಟು ಬೆಳೆಸುತ್ತಾರೆ. ಅಂದರೆ ನೊಣ ಸಾಕುವುದು ವಿಜ್ಞಾನಿಗಳೂ ಮಾಡುವ ಕೆಲಸ. ಅವರಿಗೆ ಸಂಬಳ, ನನಗೆ ಬೈಗುಳ, ಅಷ್ಟೇ ವ್ಯತ್ಯಾಸ.

ಡಬ್ಬಿಯಲ್ಲಿ ಒಣ ಭತ್ತದ ಹೊಟ್ಟು ಹರಡಿ ಪ್ಯೂಪಾಗಳನ್ನು ಮಲಗಿಸಿದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತವೆ, ತೀರಾ ಒಣಗಿದರೆ ಒಳಗೇ ಸುಕ್ಕುಗಟ್ಟುತ್ತವೆ. ಮೂಲೆಯಲ್ಲಿ ಒಂದು ಒದ್ದೆ ಹತ್ತಿಯುಂಡೆ ಇದ್ದರೆ ಎರಡಕ್ಕೂ ಸಮಾಧಾನ. ನಮ್ಮ ಬೇಸಿಗೆಯ ಬಿಸಿಲಿಗಿಟ್ಟರೆ ಬೆಂದೇ ಹೋಗುತ್ತವೆ, ನೆರಳೇ ಲೇಸು. ಎಲ್ಲವೂ ಒಂದೇ ದಿನ ಹಾರಿಬಿಟ್ಟರೆ ನಾಳೆಗೇನು? ಅರ್ಧವನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ಸಿರುಗುಪ್ಪದಿಂದ ಬಂದ ಭಾವ ಮೊಸರು ಹುಡುಕುತ್ತ ಆ ಡಬ್ಬಿ ತೆರೆದು, 'ಇದ್ಯಾವ ಮಸಾಲಿ?' ಎಂದು ಮೂಸಿದ. ಉತ್ತರ ಕೇಳಿ ಊಟ ಬಿಟ್ಟೇ ಬಸ್ಸು ಹತ್ತಿದ. ಆವತ್ತಿನಿಂದ ಫ್ರಿಜ್ಜಿನ ಬೀಗದ ಕೈ ನನ್ನಾಕೆಯ ಸೊಂಟದಲ್ಲಿದೆ.

ನೆರಳಿನಲ್ಲಿದ್ದವು ಮಾತ್ರ ಮಾತು ಉಳಿಸಿಕೊಂಡವು. ಹೊರಬರುವ ನೊಣ ಹಣೆಯಲ್ಲೊಂದು ಚೀಲ ಉಬ್ಬಿಸಿ, ಅದರಿಂದಲೇ ದೂಡಿ ಗೂಡಿನ ಮುಚ್ಚಳ ಹಾರಿಸುತ್ತದೆ. ನಾವು ಹಣೆಬರಹ ಎಂದು ಕೈಕಟ್ಟಿ ಕೂರುತ್ತೇವೆ. ಅದು ಹಣೆಯನ್ನೇ ದುಡಿಸಿಕೊಳ್ಳುತ್ತದೆ. ಬಂದಾಗ ಮೈ ಬಿಳಿಚು, ರೆಕ್ಕೆ ಮುದುಡಿ. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆ ಬಿಚ್ಚಿ ಗಟ್ಟಿಯಾಗುತ್ತದೆ. ಸಕ್ಕರೆ ನೀರು ಕುಡಿಸಿ ದಷ್ಟಪುಷ್ಟ ಮಾಡಿ ಧ್ಯಾನಸ್ಥರ ಮುಂದೆ ಬಿಟ್ಟೆವು. ಮುಂಗಾಲು ಬಿಚ್ಚಿದ್ದು ಕಾಣಲಿಲ್ಲ, ಮುಚ್ಚಿದ್ದು ಮಾತ್ರ ಕಂಡಿತು. ಅಮ್ಮ ಅಂದಿನಿಂದ ಅದಕ್ಕೆ ಕೈ ಮುಗಿಯುವುದನ್ನು ಬಿಟ್ಟಳು.

ನೊಣ ಸಾಕುವ ಉಮೇದು ನಿಮಗೂ ಬಂದರೆ ಒಂದೇ ಮಾತು. ದಿನಕ್ಕೆ ಹತ್ತು ಸಲ ಡಬ್ಬಿ ಅಲ್ಲಾಡಿಸಿ ನೋಡಬೇಡಿ. ಹುಟ್ಟುವುದಕ್ಕೆ ಅವುಗಳಿಗೆ ನಮ್ಮ ನೆರವು ಬೇಕಿಲ್ಲ. ನಾವು ಮಾಡಬೇಕಾದ್ದು ಡಬ್ಬಿಯ ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟುವುದು. ರಾರಾವಿಗೆ ಇನ್ನಷ್ಟು ನೊಣಗಳ ಅಗತ್ಯ ಖಂಡಿತ ಇಲ್ಲ.