ಪೂರ್ವ ಬೆಂಗಳೂರಿನ ಬಹು-ಐಡಿ ಪದ್ಧತಿ: ಲಕ್ಷಣ, ಪ್ರಯೋಗ ಮತ್ತು ಪ್ರಾಯಶ್ಚಿತ್ತ

ಪ್ರಮೇಯ ಚಿಕ್ಕದು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಮತ್ತು ಅದಕ್ಕೆ ಮೂಡಣದಲ್ಲಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಮೊದಲಾದ ಸೀಮೆಗಳಲ್ಲಿ, ಪ್ರಾಪ್ತವಯಸ್ಕನಾದ ಯಾವ ಮನುಷ್ಯನಿಗೂ ಒಂದೇ ಒಂದು ಈಮೇಲ್ ಐಡಿ ಇರುವುದು ಶಾಸ್ತ್ರಸಮ್ಮತವಲ್ಲ. ಹಾಗೆಂದು ಯಾರಾದರೂ ಹೇಳಿಕೊಂಡರೆ, ಆತ ಮಿಕ್ಕವುಗಳ ಪಾಸ್‌ವರ್ಡ್ ಮರೆತಿದ್ದಾನೆ ಎಂದು ಊಹಿಸತಕ್ಕದ್ದು.

ಬಸವನಗುಡಿ, ಮಲ್ಲೇಶ್ವರಗಳ ಪೂರ್ವಪಕ್ಷಿಗಳು (ಇರುವುದು ಪಶ್ಚಿಮಕ್ಕಾದರೂ ತರ್ಕದ ನಿಯಮದಂತೆ ಪೂರ್ವಪಕ್ಷಿಗಳೇ) ಇದನ್ನು ಒಪ್ಪುವುದಿಲ್ಲ. ಒಬ್ಬನಿಗೆ ಒಂದು ಹೆಸರು, ಒಂದು ಗೋತ್ರ, ಒಂದು ಐಡಿ; ಎರಡನೆಯದು ಇದ್ದರೆ ಏನೋ ಮುಚ್ಚಿಡುವಂಥದ್ದು ಇದೆ ಎಂದೇ ಅರ್ಥ, ಎಂಬುದು ಅವರ ವಾದ. ಇದಕ್ಕೆ ಸಮಾಧಾನ ಇತಿಹಾಸದಲ್ಲೇ ಸಿಗುತ್ತದೆ. 1809ರಲ್ಲಿ ದಂಡು ಬಂದು ಬೀಡುಬಿಟ್ಟಂದಿನಿಂದ ಈ ಊರು ಎರಡು ಅಕೌಂಟಿನ ಊರು. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ನಿಂತದ್ದು ದಂಡಿನ ಸ್ಟೇಷನ್ನಿನಲ್ಲಿ. ಪೇಟೆಯವರಿಗೆ ತಮ್ಮದೇ ಸ್ಟೇಷನ್ ಬರಲು ಇನ್ನೂ ಹದಿನೆಂಟು ವರ್ಷ ಕಾಯಬೇಕಾಯಿತು. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರು ದಂಡು ಪ್ರದೇಶದ ಪಾಸ್‌ವರ್ಡನ್ನು ಮಾತ್ರ ತಮ್ಮ ರೆಸಿಡೆಂಟರ ಹತ್ತಿರ ಇಟ್ಟುಕೊಂಡರು. ಬಳಕೆದಾರ ಒಬ್ಬನೇ, ಅಕೌಂಟು ಎರಡು, ನಡುವೆ ಫೈರ್‌ವಾಲ್ ಆಗಿ ಕಬ್ಬನ್ ಪಾರ್ಕು. 1947ರ ಜುಲೈಯಲ್ಲಿ ದಂಡು ಮೈಸೂರಿಗೆ ವಾಪಸಾಯಿತು, 1949ರಲ್ಲಿ ಎರಡು ಮುನಿಸಿಪಾಲಿಟಿಗಳನ್ನು ಸೇರಿಸಿ ಕಾರ್ಪೊರೇಷನ್ ಮಾಡಿದರು. ಸಿಂಕ್ ಇನ್ನೂ ಮುಗಿದಿಲ್ಲ ಎನ್ನುವವರಿದ್ದಾರೆ. ಮುಗಿಯುವ ಮೊದಲೇ 2025ರಲ್ಲಿ ಆ ಒಂದು ಅಕೌಂಟನ್ನು ಐದು ಮಾಡಿದ್ದಾರೆ. ಇದರಿಂದಾಗಿ ಶಿವಾಜಿನಗರ ಕೇಂದ್ರ ಪಾಲಿಕೆಗೂ ಕೆ.ಆರ್. ಪುರ ಪೂರ್ವ ಪಾಲಿಕೆಗೂ ಸೇರಿ, ಈ ಪ್ರಬಂಧದ ಭೌಗೋಳಿಕ ವ್ಯಾಪ್ತಿ ಬರೆಯುತ್ತಿರುವಾಗಲೇ ಇಬ್ಭಾಗವಾಯಿತು.

ಈಮೇಲ್ ಯುಗದ ಮೊದಲ ಘಟ್ಟವನ್ನು ವಿದ್ವತ್ ವಲಯದಲ್ಲಿ, ಎಂದರೆ ಈ ಪ್ರಬಂಧದಲ್ಲಿ, ‘ಅವಿಭಕ್ತ ಐಡಿ’ ಎಂದು ಕರೆಯಲಾಗಿದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ವೇಗ 9.6 ಕೆಬಿಪಿಎಸ್, 250 ಗಂಟೆಗೆ 5,000 ರೂಪಾಯಿ. ಬೆಂಗಳೂರಿನವರಿಗೆ ಸಿಕ್ಕ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ‘ಗಿಯಾಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್’ ಎಂಬ ಬಾಲವಿರುತ್ತಿತ್ತು. ಇದನ್ನು ಫೋನಿನಲ್ಲಿ ಅಮೆರಿಕದ ಅಳಿಯನಿಗೆ ಬರೆಸುವಷ್ಟರಲ್ಲಿ ಐಎಸ್‌ಡಿ ಬಿಲ್ಲು ಇಂಟರ್ನೆಟ್ ಬಿಲ್ಲನ್ನು ದಾಟುತ್ತಿತ್ತು. ಅದೇ ಫೋನಿನ ತಂತಿಯಲ್ಲೇ ಮೋಡೆಮ್ಮೂ ಕಿರುಚಬೇಕು. ಆ ಫೋನು 1948ರಲ್ಲಿ ಶುರುವಾದ, ಕೆ.ಆರ್. ಪುರದ ಪಕ್ಕದ ದೂರವಾಣಿನಗರದ ಐಟಿಐ ಕಾರ್ಖಾನೆಯದ್ದೇ ಆಗಿರುವ ಸಂಭವ ಹೆಚ್ಚು. ಹೀಗೆ ಯಂತ್ರವೂ ಪೂರ್ವದ್ದು, ಗೋಳೂ ಪೂರ್ವದ್ದು.

ಐದು ಸಾವಿರ ಕೊಟ್ಟು ತಂದ ಐಡಿ ಮನೆಗೆಲ್ಲ ಒಂದೇ ಆದದ್ದರಿಂದ ಅದರ ಕರ್ತೃ ಸಹಜವಾಗಿಯೇ ಮನೆಯ ಯಜಮಾನ. ಮಗಳಿಗೆ ಬಂದ ಕಾಗದವನ್ನು ಅಪ್ಪ ಓದಿ, ಪ್ರಿಂಟ್ ತೆಗೆದು, ಊಟದ ಹೊತ್ತಿಗೆ ಸಾರಾಂಶ ಸಮೇತ ಹಸ್ತಾಂತರಿಸುತ್ತಿದ್ದ. ಅವಿಭಕ್ತ ಐಡಿಯಿಂದ ಪಾಲು ಕೇಳುವ ಚಳವಳಿ ಹುಟ್ಟಿದ್ದು ಈ ಊಟದ ಮೇಜಿನಲ್ಲೇ.

ಪಾಲು ಮಾಡಿಕೊಟ್ಟವರು ಯಾರು? ಇಲ್ಲಿ ದಂಡಿನ ಕೊಡುಗೆ ನಿರ್ವಿವಾದ. ಬೆಂಗಳೂರಿನಲ್ಲಿ ಬೆಳೆದ, ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದರು. ಅದರ ಹಿಂದಿನ ಪ್ರೇರಣೆಯನ್ನು ಗಮನಿಸಬೇಕು: ಇಬ್ಬರೂ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದುಕೊಂಡೇ ಸ್ವಂತ ಕಂಪನಿಯ ಮಾತಾಡಿಕೊಳ್ಳಬೇಕಿತ್ತು, ಆಫೀಸಿನ ಮೇಲ್‌ನಲ್ಲಿ ಬರೆದರೆ ಧಣಿಗಳ ಕಣ್ಣಿಗೆ ಬೀಳುವ ಭಯ. ಎಂದರೆ, ಎರಡನೆಯ ಐಡಿ ಇರುವುದೇ ಮುಚ್ಚಿಡಲು ಎಂಬ ಬಸವನಗುಡಿಯ ಆಕ್ಷೇಪ ಸತ್ಯ. ಅದು ಆಕ್ಷೇಪವಲ್ಲ, ಪದ್ಧತಿಯ ಜನ್ಮಜಾತಕ. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಮುಚ್ಚಿಡುವ ಅನುಕೂಲಕ್ಕೆ ಲೋಕ ಎಷ್ಟು ಬೆಲೆ ಕಟ್ಟುತ್ತದೆ ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಹಾಟ್‌ಮೇಲ್ ಹುಟ್ಟಿ ಸರಿಯಾಗಿ ಒಂದು ವಾರಕ್ಕೆ, 1996ರ ಜುಲೈ 11ರಂದು, ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು, ಕಾಫಿಯ ಜೊತೆ ಇಂಟರ್ನೆಟ್ಟನ್ನೂ ಬಡಿಸುತ್ತ. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ಅಪ್ಪನ ಫೋನಿಲ್ಲದೆ ಅಪ್ಪನಿಗೆ ತಿಳಿಯದ ಐಡಿ ತೆರೆಯುವುದು ದಂಡಿನ ಹುಡುಗ ಹುಡುಗಿಯರಿಗೆ ಸಾಧ್ಯವಾದದ್ದು ಹೀಗೆ. ಆಗಿನ ಹಾಟ್‌ಮೇಲ್ ಡಬ್ಬಿಯ ಗಾತ್ರ 2 ಎಂಬಿ, 9.6ರ ವೇಗದಲ್ಲಿ ಅದನ್ನು ಪೂರ್ತಿ ಇಳಿಸಲು ಅರ್ಧ ಗಂಟೆ ಬೇಕಿತ್ತು. ಪ್ರೇಮಪತ್ರಗಳು ಚಿಕ್ಕದಾಗಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನು ಸೇವಾದಾರರೇ ಕೊಡುವ ಐಡಿಗಳ ವಿಚಾರ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದರ ದರಪಟ್ಟಿಯಲ್ಲಿ ವೇಗ, ಡೌನ್‌ಲೋಡ್ ಮಿತಿ, ಠೇವಣಿಗಳ ನಡುವೆ ‘ಉಚಿತ ಈಮೇಲ್ ಐಡಿ ಮತ್ತು ಜಾಗ’ ಎಂಬ ಒಂದು ಸಾಲಿತ್ತು. ಜಾಗ ಐಡಿಗೆ 5 ಎಂಬಿ. ಉಚಿತವಾಗಿ ಬಂದದ್ದನ್ನು ಬಿಡುವುದು ಪಾಪವಾದ್ದರಿಂದ ಎಲ್ಲರೂ ತೆಗೆದುಕೊಂಡರು. ಸ್ಕ್ಯಾನ್ ಮಾಡಿದ ಒಂದು ಲಗ್ನಪತ್ರಿಕೆ ಬಂದೊಡನೆ ಐಡಿ ತುಂಬಿ, ಎರಡನೆಯ ಲಗ್ನದವರ ಕಾಗದ ‘ಜಾಗವಿಲ್ಲ’ ಎಂದು ಹಿಂದಿರುಗಿತು. ಇದೇ ಕಾರಣಕ್ಕೆ ಮುನಿಸಿಕೊಂಡ ಬೀಗರು ಹಲಸೂರಿನಲ್ಲಿ ಈಗಲೂ ಸಿಗುತ್ತಾರೆ.

ಹಲಸೂರನ್ನು ಕುರಿತು ಇನ್ನಷ್ಟು ಹೇಳುವುದಿದೆ, ಏಕೆಂದರೆ ಅಂಚೆಯ ಎರಡು ದರ್ಶನಗಳು ಮುಖಾಮುಖಿಯಾದದ್ದು ಅಲ್ಲಿನ ಅಂಗಡಿಗಳಲ್ಲಿ. ಮೊದಲನೆಯದು ಪಾಪ್ ದರ್ಶನ, 110ನೇ ಬಾಗಿಲಿನದು: ಸರ್ವರಿನಲ್ಲಿರುವ ಕಾಗದವನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಅಳಿಸಿಬಿಡುವುದು. ಎರಡನೆಯದು ಐಮ್ಯಾಪ್, 143ನೇ ಬಾಗಿಲು: ಬಿಂಬ ಸರ್ವರಿನಲ್ಲೇ ಇರುತ್ತದೆ, ನಮ್ಮ ಕಂಪ್ಯೂಟರು, ಫೋನುಗಳಲ್ಲಿ ಕಾಣುವುದೆಲ್ಲ ಪ್ರತಿಬಿಂಬ. ಬೀಗ ಹಾಕಿದ ಬಾಗಿಲು ಬೇಕೆಂದರೆ ಕ್ರಮವಾಗಿ 995, 993. ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ಅಂಗಡಿಯಲ್ಲಿ ಅಪ್ಪ, ಮನೆಯಲ್ಲಿ ಮಗ, ಇಬ್ಬರ ಕಂಪ್ಯೂಟರಿನಲ್ಲೂ ಒಂದೇ ಐಡಿ, ಎರಡರಲ್ಲೂ ಪಾಪ್.

“ಅಪ್ಪಾಜಿ, ಕೋಟೇಶನ್ ಬಂದೇ ಇಲ್ಲ.”

“ಬೆಳಗ್ಗೆನೇ ಬಂತಲ್ಲೋ. ನಾನೇ ಓದಿದೆ.”

“ಇಲ್ಲಿ ಖಾಲಿ ತೋರಿಸ್ತಿದೆ.”

“ಖಾಲಿ ಇರೋದು ನಿನ್ನ ತಲೆ.”

ಇದಕ್ಕೆ ಮದ್ದು ಒಂದು ಪುಟ್ಟ ಚೌಕ: ‘ಸರ್ವರಿನಲ್ಲಿ ಒಂದು ಪ್ರತಿ ಉಳಿಸು’. ಅದಕ್ಕೆ ಟಿಕ್ ಹಾಕಿದರೆ ತಂದೆ ಮಕ್ಕಳು ಒಂದಾಗುತ್ತಾರೆ, ಆದರೆ ಪ್ರತಿಗಳು ಉಳಿದು ಉಳಿದು 5 ಎಂಬಿ ತುಂಬಿ ಇಬ್ಬರಿಗೂ ಏನೂ ಬರದಂತಾಗುತ್ತದೆ. ಶಾಸ್ತ್ರಕಾರರು ‘ಇಷ್ಟು ದಿನದ ನಂತರ ಅಳಿಸು’ ಎಂಬ ಉಪಸೂತ್ರವನ್ನು ಕೆಳಗಿನ ಸಾಲಿನಲ್ಲೇ ಕೊಟ್ಟಿದ್ದಾರೆ. ಅದನ್ನು ಓದಿದವರು ವಿರಳ.

ಸೇವಾದಾರರ ಐಡಿಯ ದೊಡ್ಡ ದೋಷ ಬೇರೆಯೇ ಇದೆ. ಅದು ಬಾಡಿಗೆ ಮನೆಯ ಗೋಡೆಗೆ ಹೊಡೆದ ಮೊಳೆಯಂಥದ್ದು; ಮನೆ ಬಿಡುವಾಗ ಕಿತ್ತುಕೊಂಡು ಹೋಗಲಾಗದು. ಕನೆಕ್ಷನ್ ಬದಲಿಸಿದರೆ ಐಡಿ ಹೋಯಿತು. ವಿಎಸ್‌ಎನ್‌ಎಲ್ ಅನ್ನೇ 2002ರಲ್ಲಿ ಟಾಟಾದವರು ಕೊಂಡರು, 2008ರಲ್ಲಿ ಹೆಸರೂ ಬದಲಾಯಿತು. ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿಗೆ ಹೊಸ ಐಡಿ ಮಾಡುವುದು ಐದು ನಿಮಿಷದ ಕೆಲಸ. ಬೋರ್ಡು, ಬಿಲ್‌ಬುಕ್ಕು, ರಬ್ಬರ್ ಸ್ಟ್ಯಾಂಪು, ಚೀಲದ ಮೇಲಿನ ಅಚ್ಚು ಬದಲಿಸುವುದು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗಿನ ಕೆಲಸ. ಆದ್ದರಿಂದಲೇ ಬಲ್ಲವರು ಸೇವಾದಾರರ ಐಡಿಯನ್ನು ಬಿಲ್ ತರಿಸಿಕೊಳ್ಳಲು ಮಾತ್ರ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಬೇರೆಡೆಗೆ ಸಾಗಿಸಿದರು. 2004ರ ಏಪ್ರಿಲ್ 1ರಂದು ಗೂಗಲ್‌ನವರು 1 ಜಿಬಿ ಉಚಿತ ಎಂದಾಗ ತಾರೀಖು ನೋಡಿ ತಮಾಷೆ ಎಂದುಕೊಂಡವರೂ ಆಮೇಲೆ ಅಲ್ಲಿಗೇ ಬಂದರು. ಈಗಿನ ಫೈಬರ್ ಕಂಪನಿಗಳಲ್ಲಿ ಎಷ್ಟೋ ಮಂದಿ ಐಡಿ ಕೊಡುವ ಗೋಜಿಗೇ ಹೋಗುವುದಿಲ್ಲ. ಬದಲಿಗೆ, ಕನೆಕ್ಷನ್ ಕೊಡಲು ನಿಮ್ಮ ಐಡಿ ಕೇಳುತ್ತಾರೆ.

ಇಂದಿರಾನಗರದ ಬಗ್ಗೆ ಒಂದೇ ಮಾತು ಸಾಕು. 12ನೇ ಮೇನ್‌ನ ಮಹಡಿಯೊಂದರಲ್ಲಿ ಕೂತ ಒಬ್ಬ ಹುಡುಗ ಇನ್ಫೋ, ಸಪೋರ್ಟ್, ಸೇಲ್ಸ್, ಕೆರಿಯರ್ಸ್ ಎಂಬ ನಾಲ್ಕು ವಿಳಾಸಗಳಿಗೆ ಬಂದದ್ದನ್ನೆಲ್ಲ ಒಂದೇ ಡಬ್ಬಿಯಲ್ಲಿ ಓದಿ, ‘ನಮ್ಮ ತಂಡ ನಿಮ್ಮನ್ನು ಸಂಪರ್ಕಿಸಲಿದೆ’ ಎಂದು ಉತ್ತರಿಸುತ್ತಾನೆ. ಅಲಿಯಾಸ್ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಆದರೆ ಪದ್ಧತಿಯ ನಿಜವಾದ ಪೀಠ ಶಿವಾಜಿನಗರದ ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟು, ಸ್ಕಾಲರ್‌ಶಿಪ್ಪು, ರೈಲು ಟಿಕೇಟು, ಯಾವ ಅರ್ಜಿಗೂ ಒಂದು ಐಡಿ ಬೇಕು, ಇರದಿದ್ದರೆ ಅಲ್ಲೇ ನಿಂತ ನಿಲುವಿನಲ್ಲಿ ಹುಟ್ಟುತ್ತದೆ. ಹುಟ್ಟಿದ್ದನ್ನು ರೂಲ್ಡ್ ನೋಟ್‌ಬುಕ್ಕೊಂದರಲ್ಲಿ ದಾಖಲಿಸುತ್ತಾರೆ: ಹೆಸರು, ಐಡಿ, ಪಾಸ್‌ವರ್ಡು, ಬಾಕಿ ಇಪ್ಪತ್ತು ರೂಪಾಯಿ. ಇದನ್ನು ಅಸುರಕ್ಷಿತ ಎಂದು ಪಾಶ್ಚಾತ್ಯ ವಿದ್ವಾಂಸರು ಮೂಗು ಮುರಿಯುತ್ತಾರಾದರೂ, ಆ ಅಕ್ಷರವನ್ನು ಅಂಗಡಿಯವನ ಹೊರತು ಮತ್ತಾರೂ ಓದಲಾರರೆಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

“ಭಾಯ್, ನನ್ನ ಐಡಿ ಏನು?”

“ಯಾವ್ದಮ್ಮಾ? ಪಾಸ್‌ಪೋರ್ಟ್‌ದಾ, ಮಗನ ಸ್ಕಾಲರ್‌ಶಿಪ್‌ದಾ, ಗ್ಯಾಸ್‌ದಾ?”

“ಮೂರು ಇದೆಯಾ?”

“ನಾಲ್ಕು. ಒಂದು ಮರೆತುಹೋಗಿದೆ.”

ಇದೇ ಪೀಠದಿಂದ ಬಂದದ್ದು ಚುಕ್ಕಿ ಸಿದ್ಧಾಂತದ ಪ್ರಯೋಗ. ಜಿಮೇಲ್ ವಿಳಾಸದಲ್ಲಿ ಹೆಸರಿನ ನಡುವಿನ ಚುಕ್ಕಿಗೆ ಬೆಲೆಯಿಲ್ಲ. ಎಲ್ಲಿ ಇಟ್ಟರೂ, ಎಷ್ಟು ಇಟ್ಟರೂ ಕಾಗದ ಬಂದು ಬೀಳುವುದು ಒಂದೇ ಡಬ್ಬಿಗೆ. ಹೆಸರಿನ ನಂತರ ಪ್ಲಸ್ ಹಾಕಿ ಏನು ಬರೆದರೂ ಅಷ್ಟೆ. ಅರ್ಜಿ ತೆಗೆದುಕೊಳ್ಳುವ ಕಂಪ್ಯೂಟರಿಗೆ ಮಾತ್ರ ಇದು ಬಹುಮಟ್ಟಿಗೆ ತಿಳಿಯದು. ಚುಕ್ಕಿ ಸರಿದರೆ ಅದಕ್ಕೆ ಮನುಷ್ಯನೇ ಬೇರೆ. ಒಬ್ಬ ಅಂಗಡಿಯವನ ಡಬ್ಬಿಗೆ ಒಂದಿಡೀ ಬೀದಿಯ ಅರ್ಜಿಗಳು ಬಂದು, ಯಾರ ಹೆಣ್ಣಿಗೆ ಎಲ್ಲಿ ಸೀಟು ಸಿಕ್ಕಿತು, ಯಾರ ವೀಸಾ ತಿರಸ್ಕೃತವಾಯಿತು ಎಂಬುದು ಆ ಮನೆಯವರಿಗಿಂತ ಮೊದಲೇ ಅವನಿಗೆ ಗೊತ್ತಿರುತ್ತದೆ. ಅವಿಭಕ್ತ ಐಡಿಯ ಯಜಮಾನ ಸ್ಥಾನ ಅಪ್ಪನಿಂದ ಅಂಗಡಿಗೆ ದಾಟಿದೆ, ಅಷ್ಟೆ.

ಕೊನೆಯದಾಗಿ ಅಕೌಂಟುಗಳ ನಿರ್ವಹಣೆ. ಪ್ರತಿ ಐಡಿಗೂ ಪಾಸ್‌ವರ್ಡ್ ಮರೆತಾಗ ನೆರವಾಗುವ ಇನ್ನೊಂದು ಐಡಿ ಇರಬೇಕೆಂಬುದು ವಿಧಿ. ಸಾಮಾನ್ಯ ಗೃಹಸ್ಥ ಎರಡನೆಯದನ್ನು ಮೊದಲನೆಯದಕ್ಕೂ, ಮೊದಲನೆಯದನ್ನು ಎರಡನೆಯದಕ್ಕೂ ಜಾಮೀನು ಹಾಕಿರುತ್ತಾನೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಎರಡು ವರ್ಷ ಯಾರೂ ಇಣುಕದ ಅಕೌಂಟನ್ನು ಅಳಿಸಲಾಗುವುದೆಂದು 2023ರಲ್ಲಿ ಗೂಗಲ್ ಸಾರಿದ ಮೇಲೆ ಹೊಸದೊಂದು ನಿತ್ಯಕರ್ಮ ಸೇರಿದೆ: ತೀರಿಕೊಂಡ ಹಿರಿಯರ ಐಡಿಗಳಿಗೂ ವರ್ಷಕ್ಕೊಮ್ಮೆ ಲಾಗಿನ್ ಆಗುವುದು. ಮಹಾಲಯ ಅಮಾವಾಸ್ಯೆ ಇದಕ್ಕೆ ಪ್ರಶಸ್ತ. ತೊಡಕು ಬರುವುದು ಓಟಿಪಿಯಲ್ಲಿ. ಹಿರಿಯರ ಮೊಬೈಲ್ ನಂಬರು ನಿಂತು 90 ದಿನ ಕಳೆದರೆ ಅದನ್ನು ಬೇರೊಬ್ಬರಿಗೆ ಕೊಡಬಹುದಾದ್ದರಿಂದ, ಅದು ಈಗ ಕೆ.ಆರ್. ಪುರದ ಯಾರೋ ಅಪರಿಚಿತರ ಬಳಿ ಇರುತ್ತದೆ. ಎಡೆ ಇಟ್ಟು, ಲ್ಯಾಪ್‌ಟಾಪ್ ತೆರೆದು, ಆ ನಂಬರಿಗೆ ಫೋನ್ ಮಾಡಿ ವಿನಯದಿಂದ ಕೇಳಿಕೊಳ್ಳಬೇಕು.

“ಸಾರ್, ಈಗ ನಿಮಗೊಂದು ಓಟಿಪಿ ಬಂದಿರುತ್ತೆ. ನಮ್ಮ ತಾತಂದು.”

“ತಾತನ್ನೇ ಫೋನ್ ಮಾಡೋಕೆ ಹೇಳ್ರಿ. ಯಾರಿಗೂ ಓಟಿಪಿ ಹೇಳ್ಬೇಡಿ ಅಂತ ಬ್ಯಾಂಕಿನೋರು ದಿನಾ ಮೆಸೇಜ್ ಕಳಿಸ್ತಾರೆ.”