ಡಾಂಬರು ಮುಗಿದಲ್ಲಿಂದ ಹೊರಡುವ ಸೈಕಲ್ ಸವಾರರಿಗೆ ಒಂದು ಬಹಿರಂಗ ಪತ್ರ

ಮಹಾಶಯರೇ,

ಶನಿವಾರ ಕಾರಿನ ಬೆನ್ನಿಗೆ ಸೈಕಲ್ಲುಗಳನ್ನು ಬಿಗಿದು ತಂದು, ನಮ್ಮೂರ ಡಾಂಬರು ರಸ್ತೆ ಎಲ್ಲಿ ಮುಗಿಯುವುದೋ ಸರಿಯಾಗಿ ಅಲ್ಲಿಯೇ ಅವನ್ನು ಇಳಿಸಿ, ಕಾಡಿನ ಕಚ್ಚಾ ದಾರಿಯಲ್ಲಿ ಒಂದಿರುಳನ್ನು ಕಳೆದು, ಭಾನುವಾರದ ಸಂಜೆಯೊಳಗೆ ಬೆಂಗಳೂರನ್ನು ಸೇರಿಕೊಳ್ಳುವ ತಮ್ಮ ವ್ರತವನ್ನು ಘಟ್ಟದ ಸೆರಗಿನಲ್ಲಿ ವಾಸಿಸುವ ನಾವು ಬಹುಕಾಲದಿಂದ ಭಕ್ತಿಪೂರ್ವಕವಾಗಿ ಗಮನಿಸುತ್ತ ಬಂದಿದ್ದೇವೆ. ಇದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆಂದು ತಮ್ಮಲ್ಲೊಬ್ಬರು ಅಂಗಡಿಯ ಜಗಲಿಯಲ್ಲಿ ಚಹ ಕುಡಿಯುತ್ತ ಉಪದೇಶಿಸಿದರು.

ತಾವು ಆಯ್ದುಕೊಂಡಿರುವ ಆ ಸ್ಥಳ ಸಾಮಾನ್ಯವಾದುದಲ್ಲ. ಗ್ಯಾಸಿನ ಗಾಡಿ ಅಲ್ಲಿಗೇ ನಿಲ್ಲುತ್ತದೆ. 108ರ ಆಂಬುಲೆನ್ಸೂ ಅಲ್ಲಿಗೇ ನಿಂತು, ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವವರೆಗೆ ಕಾಯುತ್ತದೆ. ಮತ ಯಾಚಿಸುವವರ ಜೀಪೊಂದೇ ಐದು ವರ್ಷಕ್ಕೊಮ್ಮೆ ಅದನ್ನು ದಾಟುವ ಸಾಹಸ ಮಾಡುತ್ತದೆ. ಸರಕಾರದ ಕೃಪೆ ಮುಗಿಯುವ ಬಿಂದುವಿನಲ್ಲಿಯೇ ತಮ್ಮ ಆನಂದವು ಪ್ರಾರಂಭವಾಗುವುದೆಂಬ ತತ್ತ್ವವನ್ನು ಅರಿತ ಮೇಲೆ, ಯಾವ ಕಲ್ಲುಮಣ್ಣನ್ನು ದೌರ್ಭಾಗ್ಯವೆಂದು ಭಾವಿಸಿ ಅರ್ಜಿಯ ಮೇಲೆ ಅರ್ಜಿ ಬರೆದೆವೋ ಅದರ ಮೇಲೆ ಕಾಲಿಡುವುದಕ್ಕೂ ನಮಗೆ ಸಂಕೋಚವಾಗುತ್ತಿದೆ.

ತಮ್ಮ ಸಂಪ್ರದಾಯ ಪ್ರಾಚೀನವಾದುದೆಂದೂ ಕೇಳಿದೆವು. 1897ರಲ್ಲಿ ಅಮೆರಿಕ ಸೇನೆಯ 25ನೆಯ ಪದಾತಿದಳದ ಕರಿಯ ಸೈನಿಕರು ಗುಡಾರ ಕಂಬಳಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೊಂಟಾನಾದಿಂದ ಸೇಂಟ್ ಲೂಯಿಸ್ ನಗರದವರೆಗೆ ಸುಮಾರು 3,000 ಕಿಲೋಮೀಟರು ತುಳಿದರಂತೆ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋದ ಗಡಿಯವರೆಗೆ ಪರ್ವತಶ್ರೇಣಿಯನ್ನು ಅನುಸರಿಸಿ ಹೋಗುವ, 4,000 ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ ಇಂದಿಗೂ ಪಂದ್ಯ ನಡೆಯುವುದಂತೆ. ಆ ಸೈನಿಕರಿಗಾದರೋ ಮೇಲಧಿಕಾರಿಯ ಆಜ್ಞೆಯಿತ್ತು, ತಿಂಗಳ ಸಂಬಳವಿತ್ತು. ನಮಗೆ ಬೇರೆ ಗತಿಯಿಲ್ಲ. ಆಜ್ಞೆಯೂ ಸಂಬಳವೂ ಅನಿವಾರ್ಯತೆಯೂ ಇಲ್ಲದೆ, ಕೈಯಿಂದ ಹಣ ತೆತ್ತು ಈ ಕಷ್ಟವನ್ನು ಕೊಂಡುಕೊಳ್ಳುವ ತಮ್ಮ ನಿಷ್ಕಾಮಕರ್ಮಕ್ಕೆ ಎಣೆಯಿಲ್ಲ.

ತಮ್ಮ ವಾಹನವನ್ನು ನಾವು ಸಮೀಪದಿಂದ ದರ್ಶಿಸಿದ್ದೇವೆ. ಸೀಟಿನ ಹಿಂದಕ್ಕೆ ಬಾಲದಂತೆ ಚಾಚಿದ ಚೀಲ, ಹ್ಯಾಂಡಲ್ಲಿಗೆ ಸುರುಳಿ ಸುತ್ತಿ ಬಿಗಿದ ಹಾಸಿಗೆ, ಚೌಕಟ್ಟಿನ ತ್ರಿಕೋನದಲ್ಲಿ ಅದರ ಅಳತೆಗೇ ಹೊಲಿದ ಮತ್ತೊಂದು ಚೀಲ, ಇವೆಲ್ಲಕ್ಕೂ ಮಿಗಿಲಾಗಿ, ಭಾರವನ್ನು ತಗ್ಗಿಸುವ ಸಲುವಾಗಿ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ ಹಲ್ಲುಜ್ಜುವ ಬ್ರಷ್ಷು! ಅದೇ ಏರಿನಲ್ಲಿ ಅದೇ ವೇಳೆಗೆ, ಹಳೆಯ ಸೈಕಲ್ಲಿನ ಕ್ಯಾರಿಯರಿಗೆ ತುಂಬಿದ ಸಿಲಿಂಡರೊಂದನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು ತಳ್ಳಿಕೊಂಡು ಬರುತ್ತಿದ್ದ ನಮ್ಮೂರ ಹುಡುಗನೂ ಅದನ್ನು ನೋಡಿದನು. ಅವನ ಹೊರೆಯಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿದರೆ ಸುಮಾರು 30. ಕತ್ತರಿಸುವುದಕ್ಕೆ ಅದಕ್ಕೂ ಒಂದು ಹಿಡಿಯುಂಟು, ಆದರೆ ಏಜೆನ್ಸಿಯವರು ಆಮೇಲೆ ಖಾಲಿ ಸಿಲಿಂಡರನ್ನು ಮರಳಿ ತೆಗೆದುಕೊಳ್ಳಲಾರರು. ತಾವು ಸೌಜನ್ಯದಿಂದ ಹೆಬ್ಬೆರಳನ್ನೆತ್ತಿ ಅವನನ್ನು ಹುರಿದುಂಬಿಸಿದಿರಿ. ಒಂದು ಕೈ ಹ್ಯಾಂಡಲ್ಲಿಗೂ ಇನ್ನೊಂದು ಸಿಲಿಂಡರಿಗೂ ಮೀಸಲಾಗಿದ್ದುದರಿಂದ ಅವನಿಗೆ ತಕ್ಕ ಉತ್ತರ ಕೊಡಲಾಗಲಿಲ್ಲ. ಅವನ ಪರವಾಗಿ ನಾನು ಕ್ಷಮೆ ಯಾಚಿಸುತ್ತೇನೆ.

ಮುಂದೆ ಹಳ್ಳಕ್ಕೆ ಅಡಕೆಮರದ ಸಂಕವಿದೆ. ಅದರ ದಡದಲ್ಲಿ ಕಳೆದ ಚುನಾವಣೆಯ ಕಾಲಕ್ಕೆ ನಾವು ನೆಟ್ಟ ‘ರಸ್ತೆ ಇಲ್ಲ, ಮತ ಇಲ್ಲ’ ಎಂಬ ಹಲಗೆಯನ್ನು ಯಾವ ಅಧಿಕಾರಿಯೂ ಬಂದು ಓದಲಿಲ್ಲ. ತಾವು ಅದಕ್ಕೇ ಸೈಕಲ್ಲನ್ನು ಒರಗಿಸಿ, ಎರಡು ಕೋನಗಳಿಂದ ಚಿತ್ರ ತೆಗೆದು, ಹಿನ್ನೆಲೆ ಸೊಗಸಾಗಿದೆಯೆಂದು ನುಡಿದಿರಿ. ಹಲಗೆಗೆ ಬಣ್ಣ ಬಳಿದವನು ಅಂದಿನಿಂದ ತನ್ನನ್ನು ಕಲಾವಿದನೆಂದು ಹೇಳಿಕೊಳ್ಳುತ್ತಿದ್ದಾನೆ.

ಇರುಳಿನ ವಿಷಯದಲ್ಲಿ ಮಾತ್ರ ಒಂದು ವಿಜ್ಞಾಪನೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರವನ್ನು ತಡೆದಿರುವುದು ಮೃಗಗಳಿಗೂ ತಮ್ಮದೇ ಆದ ಇರುಳೊಂದು ಇರಲೆಂದು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೊಗುವುದೂ ಬೆಂಕಿ ಹೊತ್ತಿಸುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾವು ಸೌದೆಗೆ ಹೋದಾಗ ಇದನ್ನು ಬಾಯಿಪಾಠ ಒಪ್ಪಿಸುವ ಕಾವಲುಗಾರನು ತಮ್ಮನ್ನು ಕಂಡೊಡನೆ ಮರೆತು ಸೈಕಲ್ಲಿನ ಬೆಲೆಯನ್ನು ವಿಚಾರಿಸುತ್ತಾನೆ. ಆದುದರಿಂದ ತಮ್ಮ ಗುಡಾರವನ್ನು ಆನೆಯ ದಾರಿಯಲ್ಲಿ ಹೂಡದೆ ದಯವಿಟ್ಟು ನಮ್ಮ ಶಾಲೆಯ ಅಂಗಳದಲ್ಲಿ ಹೂಡೋಣವಾಗಲಿ. ಮಕ್ಕಳು ಸಾಲದೆಂದು ಅದನ್ನು ಮುಚ್ಚಿರುವುದರಿಂದ ಏಕಾಂತಕ್ಕೆ ಯಾವ ಭಂಗವೂ ಬಾರದು. ಆಷಾಢದಲ್ಲಿ ಬಂದರೆ ಇನ್ನೂ ಲೇಸು; ನಮ್ಮ ರಕ್ತವೊಂದನ್ನೇ ಕುಡಿದು ಬೇಸತ್ತಿರುವ ಇಂಬಳಗಳಿಗೆ ರುಚಿಯಲ್ಲಿ ಬದಲಾವಣೆಯಾದೀತು.

ಇನ್ನು ಈ ಪತ್ರದ ಮುಖ್ಯ ಪ್ರಾರ್ಥನೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮಿನಂತೆ, ಗ್ರಾಮಸಭೆಯು ಶಿಫಾರಸು ಮಾಡಿದಲ್ಲಿ, ಒಂದು ಹೆಕ್ಟೇರಿಗಿಂತ ಕಡಮೆಯಾದ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕೆ ಮೀರದಷ್ಟು ಮರಗಳನ್ನು ಕಡಿಯುವ ಮಿತಿಯೊಳಗೆ, ಹಳ್ಳಿಯ ರಸ್ತೆಗೆ ಬಿಟ್ಟುಕೊಡಬಹುದಾಗಿದೆ. ನಮ್ಮ ಗ್ರಾಮಸಭೆ ಶಿಫಾರಸು ಮಾಡಿತು. ಸರ್ವೇ ಆಗಿಲ್ಲವೆಂಬ ಷರಾದೊಂದಿಗೆ ಕಡತ ಹಿಂದಿರುಗಿತು. ಸರ್ವೇಯವರನ್ನು ಕೇಳಿದರೆ ಅಲ್ಲಿಗೆ ಬರಲು ರಸ್ತೆಯಿಲ್ಲವೆಂದರು. ತಮ್ಮ ಹ್ಯಾಂಡಲ್ಲಿನ ಮೇಲೆ ಕುಳಿತಿರುವ ಪುಟ್ಟ ಯಂತ್ರವಾದರೋ ಈ ದಾರಿಯ ಪ್ರತಿಯೊಂದು ತಿರುವು, ಏರು, ಇಳಿತ, ಸಮುದ್ರಮಟ್ಟದಿಂದ ಅದರ ಎತ್ತರ, ಎಲ್ಲವನ್ನೂ ವಾರವಾರವೂ ಅಳೆದು ಬರೆದಿಟ್ಟುಕೊಳ್ಳುತ್ತಿದೆ. ಆ ದಾಖಲೆಯ ಒಂದು ಪ್ರತಿಯನ್ನು, ತಮ್ಮ ಸಹಿಯೊಡನೆ, ನಮ್ಮ ಅರ್ಜಿಗೆ ಲಗತ್ತಿಸಲು ಅನುಗ್ರಹಿಸಬೇಕು.

ರಸ್ತೆಯೇ ಆಗಿಬಿಟ್ಟರೆ ತಮ್ಮ ಗತಿಯೇನೆಂಬ ಆತಂಕ ಬೇಡ. ನಮ್ಮ ಕಡೆಯ ಗುತ್ತಿಗೆದಾರರ ಕೈಗುಣವನ್ನು ಬಲ್ಲ ನಾನು ಭರವಸೆ ಕೊಡುತ್ತೇನೆ: ಬೇಸಗೆಯಲ್ಲಿ ಹಾಕಿದ ಡಾಂಬರು ಶ್ರಾವಣವನ್ನು ಕಾಣದು. ದೀಪಾವಳಿಯ ರಜೆಗೆ ತಾವು ಬರುವ ಹೊತ್ತಿಗೆ ಜಲ್ಲಿ ಸಿದ್ಧವಾಗಿರುತ್ತದೆ.

ಇತಿ ತಮ್ಮ ವಿಧೇಯ,
ಡಾಂಬರಿನಾಚೆಯ ನಿವಾಸಿ