ಕವಿಮನೆ, ತ್ರೀ ಶೇರಿಂಗ್

(ಹೈದರಾಬಾದಿನ ದಿಲ್‌ಸುಖ್‌ನಗರ. ಕೋಚಿಂಗ್ ಸೆಂಟರುಗಳ ನಡುವೆ ಹೇಗೋ ಉಳಿದ ಹಳೇ ಮನೆ. ಬೀದರ್ ಕಡೆಯ ಕವಿ ಮಾವ; ಲೆಕ್ಕದ ಅಳಿಯ.)

ಮಾವ: ನಾ ಬೆಳೆದ ಮನಿ ಮ್ಯೂಸಿಯಂ ಆಗಬೇಕಪ್ಪ. ಕುಪ್ಪಳ್ಳಿಯೊಳಗ ಕುವೆಂಪು ಮನಿ ನೋಡು.

ಅಳಿಯ: ಅವರಿಗೆ ಜ್ಞಾನಪೀಠ ಬಂತ್ರೀ. ನಿಮಗ ಬಂದದ್ದು ಬಿಲ್ಡರ್ ಫೋನು.

ಮಾವ: ಮೈಸೂರಾಗ ಆರ್.ಕೆ. ನಾರಾಯಣ್ ಮನಿ 2011ರಾಗ ಒಡ್ಯಾಕ ಹತ್ತಿದ್ರು. ಗದ್ದಲ ಆತು, ಉಳೀತು. 2016ರಾಗ ಮ್ಯೂಸಿಯಂ!

ಅಳಿಯ: ಅಂದ್ರ ಮೊದಲು ಒಡೀಬೇಕು, ಆಮ್ಯಾಲ ಅಭಿಮಾನ ಹುಟ್ತದ. ಜೆಸಿಬಿ ಕರೀಲೇನ್ರಿ?

ಮಾವ: ಥೂ! ಆದರ ಕಾವಲು ಬೇಕು. 2015ರಾಗ ಕುಪ್ಪಳ್ಳಿಗೆ ಕಳ್ಳರು ನುಗ್ಗಿ ಪದ್ಮ ಪದಕ ಒಯ್ದರು.

ಅಳಿಯ: ನಮ್ಮಲ್ಲಿ ಇರೋದು ಮಾರಾಟ ಆಗದ ನಿಮ್ಮ ಕವನಸಂಕಲನ. ಕಳ್ಳರು ಬಂದ್ರ ಚಹಾ ಕೊಡ್ತೀನಿ.

ಮಾವ: ಮುಂದಿನ ಕೋಣಿಯರೆ ಮ್ಯೂಸಿಯಂಗೆ ಬಿಡೋ.

ಅಳಿಯ: ಬಿಟ್ಟೀನ್ರಿ. ಪಿಜಿ ಹುಡುಗರಿಗೆ ಮೂರು ಕಾಟು ಹಾಕ್ತೀನಿ, ಗ್ವಾಡಿಗೆ ನಿಮ್ಮ ಫೋಟೋ. ಕೆಳಗ ವೈಫೈ ಪಾಸ್‌ವರ್ಡ್ ಬರೀತೀನಿ; ಹುಡುಗರು ಒಮ್ಮೆಯರೆ ನೋಡ್ತಾರ.